ನಾನು ಎದ್ದರೆ ಹಳದಿಗೆ ರನ್

ಗೆಳತಿ ಅಮಿತಾಳ ಸೀಮಂತ ಶನಿವಾರ ಬೆಳಿಗ್ಗೆ. ಬರುತ್ತೇನೋ ಇಲ್ಲವೋ ಎಂದು ಶುಕ್ರವಾರ ಸಂಜೆಯೊಳಗೆ ನಾನು ಹೇಳಬೇಕಿತ್ತು. ಬರುವುದೆಂದರೆ ಬಂದು ಊಟ ಮಾಡಿ ಹೋಗುವುದಲ್ಲ. ಹೂ ಮುಡಿಸುವ ಐದು ಹೆಂಗಸರಲ್ಲಿ ಒಬ್ಬಳಾಗಿ ಕೂರುವುದು. ಈ ದೋಹಾದಲ್ಲಲ್ಲದೆ ಮೈಸೂರಿನಲ್ಲಾಗಿದ್ದರೆ ಈ ಮಾತನ್ನು ಯಾರೂ ನನ್ನ ಹತ್ತಿರ ಎತ್ತುತ್ತಿರಲಿಲ್ಲ. ನನ್ನ ಗಂಡ ಧನಂಜಯ ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು.

"ನಿನ್ನ ಅಮ್ಮ ಏನಂತಾರೆ?" ಎಂದು ಅಮಿತಾಳನ್ನು ಕೇಳಿದ್ದೆ.

"ಅಮ್ಮನನ್ನೇ ಕೇಳು ಮಾರಾಯ್ತಿ. ನಾಳೆ ಮ್ಯಾಚಿಗೆ ನನ್ನ ಟಿಕೆಟಲ್ಲಿ ನೀನು ಹೋಗು. ಅವರ ಪಕ್ಕದ್ದೇ ಸೀಟು ಉಂಟು."

ಅಮ್ಮ ಎಂದರೆ ಪೂವಕ್ಕ. ಮಗಳ ಬಾಣಂತನಕ್ಕೆಂದು ಕಾರ್ಕಳದಿಂದ ಬಂದು ಮೂರು ವಾರವಾಗಿತ್ತು. ಅವರ ಯಜಮಾನರು ಹೋಗಿ ಹದಿನೆಂಟು ವರ್ಷ. ಅಮಿತಾಳ ಮದುವೆಯಲ್ಲಿ ಧಾರೆಯ ಹೊತ್ತಿಗೆ ಪೂವಕ್ಕ ಪಾಯಸದ ಪಾತ್ರೆಯ ಬಳಿ ನಿಂತುಬಿಟ್ಟಿದ್ದರಂತೆ. ಯಾರು ಕರೆದರೂ ಮಂಟಪದ ಕಡೆ ಬರಲಿಲ್ಲವಂತೆ. ಅಂಥವರನ್ನು ಏನೆಂದು ಕೇಳುವುದು?

ಟಿಕೆಟ್ ಸಿಕ್ಕಿದ್ದು ಅಮಿತಾಳ ಗಂಡ ರೋಶನ್‌ಗೆ. ಅವನು ಹಮದ್ ಬಂದರಿನಲ್ಲಿ ಸರಕು ಬಿಡಿಸುವ ಕಂಪನಿಯಲ್ಲಿದ್ದಾನೆ. ಬೇಸ್‌ಬಾಲ್ ಆಡುವ ಎರಡು ವೃತ್ತಿಪರ ತಂಡಗಳು ದೋಹಾದಲ್ಲಿ ಒಂದು ಪ್ರದರ್ಶನ ಪಂದ್ಯ ಆಡಲಿದ್ದವು. ಅವರ ಬಲೆ, ಕಂಬ, ಹೆಲ್ಮೆಟ್ಟುಗಳ ಕಂಟೇನರ್ ಇವನ ಕೈ ದಾಟಿ ಬಂದಿದ್ದರಿಂದ ಮೂರು ಟಿಕೆಟ್, ಮೂರು ನೀಲಿ ಟೋಪಿ ಕೊಟ್ಟಿದ್ದರು. ಹಾಗಾಗಿ ನಾವು ನೀಲಿ ತಂಡದವರಾದೆವು. ಎದುರಾಳಿ ಹಳದಿ.

ಗೇಟಿನಲ್ಲಿ ಪೂವಕ್ಕನ ಗೋಳಿಬಜೆಯ ಡಬ್ಬಿಯನ್ನು ತೆಗೆದಿಟ್ಟುಕೊಂಡರು.

"ಇವರು ಚೆಂಡಾಟಕ್ಕೆ ಬಂದದ್ದಾ, ಗೋಳಿಬಜೆ ಹಿಡೀಲಿಕ್ಕೆ ಬಂದದ್ದಾ?" ಎಂದರು ಪೂವಕ್ಕ.

"ರೂಲ್ಸ್ ಮಾಮಿ. ಹೋಗುವಾಗ ಕೊಡ್ತಾರೆ. ಯಲ್ಲಾ, ನಡೀರಿ," ಎಂದ ರೋಶನ್.

ನಮ್ಮ ಸೀಟುಗಳು ಮೈದಾನದ ಎಡ ಮೂಲೆಯಲ್ಲಿದ್ದವು. ಅದು ಕ್ರಿಕೆಟ್ ಮೈದಾನ. ಒಂದು ಬದಿಗೆ ಕೆಂಪು ಮಣ್ಣು ಹಾಸಿ ಬೇಸ್‌ಬಾಲಿಗೆ ಒಗ್ಗಿಸಿದ್ದರು. ಹಿಂದಿನ ಸಾಲಿನಲ್ಲಿ ನಾರಾಯಣಸ್ವಾಮಿ ಎಂಬ ಮಂಡ್ಯದವರೊಬ್ಬರು ಒಬ್ಬರೇ ಕೂತಿದ್ದರು. ಬೆಳಿಗ್ಗೆ ಮೂರು ವಿಡಿಯೊ ನೋಡಿಕೊಂಡು ಬಂದಿದ್ದರಿಂದ ಆಟದ ನಿಯಮಗಳೆಲ್ಲ ಅವರಿಗೆ ಗೊತ್ತಿದ್ದವು. ಯಾರೂ ಕೇಳದಿದ್ದರೂ ಹೇಳುತ್ತಿದ್ದರು.

ಮೊದಲ ಇನ್ನಿಂಗ್ಸ್‌ನಲ್ಲೇ ಒಂದು ಚೆಂಡು ಗೆರೆಯಾಚೆ ಹಾರಿ ನಮ್ಮ ಕಡೆ ಬಂತು. ರೋಶನ್ ಒಂದೇ ಕೈಯಲ್ಲಿ ಹಿಡಿದ. ಸುತ್ತಲಿನವರು ಚಪ್ಪಾಳೆ ತಟ್ಟುತ್ತಿರುವಾಗಲೇ ಬೀಸಿ ಮೈದಾನಕ್ಕೆ ಎಸೆದ. ಚಪ್ಪಾಳೆ ನಿಂತಿತು.

"ಅಯ್ಯೋ ಸ್ವಾಮಿ," ಎಂದರು ನಾರಾಯಣಸ್ವಾಮಿ. "ಇದು ಕ್ರಿಕೆಟ್ ಅಲ್ಲ ಕಣ್ರೀ. ಇಲ್ಲಿ ಸಿಕ್ಕಿದ್ದು ಸಿಕ್ಕಿದವರಿಗೆ. ಮನೆಗೆ ತಗೊಂಡೋಗಿ ಶೋಕೇಸಲ್ಲಿ ಇಡಬಹುದಿತ್ತು."

ರೋಶನ್ ತನ್ನ ಖಾಲಿ ಕೈ ನೋಡಿಕೊಂಡ. ಪೂವಕ್ಕ ನನ್ನ ಕಡೆ ತಿರುಗಿದರು. "ನಮ್ಮ ಅಳಿಯಂದಿರು ಭಾರೀ ಧರ್ಮಾತ್ಮರು. ಕೈಗೆ ಬಂದದ್ದನ್ನೂ ವಾಪಸ್ ಕೊಡ್ತಾರೆ."

ಎರಡನೇ ಇನ್ನಿಂಗ್ಸ್‌ನಲ್ಲಿ ನಾನು ಚಹಾ ತರಲು ಎದ್ದೆ. ಮೂರು ಲೋಟ ಕರಕ್ ಹಿಡಿದು ವಾಪಸಾದಾಗ ಹಳದಿಗೆ ಎರಡು ರನ್ ಬಂದಿದ್ದವು. ನಾಲ್ಕನೆಯದರಲ್ಲಿ ಅಮಿತಾಳ ಫೋನ್ ಬಂತು. ಗದ್ದಲದಲ್ಲಿ ಏನೂ ಕೇಳಿಸದೆ ಮೆಟ್ಟಿಲು ಹತ್ತಿ ಹೊರಗೆ ಹೋದೆ.

"ಕೇಳಿದ್ಯಾ ಅಮ್ಮನನ್ನು?"

"ಇಲ್ಲ."

"ಮತ್ತೆ ಎಂತ ಮಾಡ್ತಾ ಇದ್ದೀ ಅಲ್ಲಿ?"

"ಮ್ಯಾಚ್ ನೋಡ್ತಾ ಇದ್ದೀನಿ."

ಒಳಗೆ ಬಂದಾಗ ಹಳದಿಗೆ ಮೂರು. ಪೂವಕ್ಕ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು.

"ಮಗಾ, ನೀನು ಎದ್ದು ಹೋದಾಗಲೇ ಅವರಿಗೆ ಸಿಗ್ತದೆ."

"ನಾನೂ ಗಮನಿಸಿದೆ," ಎಂದರು ನಾರಾಯಣಸ್ವಾಮಿ. "ಎರಡು ಸಲ. ಅಮ್ಮಾ, ಇನ್ಮೇಲೆ ನೀವು ದಯವಿಟ್ಟು ಏಳಬೇಡಿ."

"ಕಂಬಳದಲ್ಲಿ ನಮ್ಮ ಕೋಣ ಓಡುವಾಗ ನಾನು ನಿಂತಲ್ಲಿಂದ ಕಾಲು ತೆಗೀತಿರ್ಲಿಲ್ಲ," ಎಂದರು ಪೂವಕ್ಕ. "ಇರುವೆ ಕಚ್ಚಿದ್ರೂ ಇಲ್ಲ. ನೀನು ಕೂತ್ಕೋ. ನಿನಗೆ ಬೇಕಾದ್ದನ್ನು ಅಳಿಯಂದಿರು ತಂದು ಕೊಡ್ತಾರೆ."

ಕೂತೆ. ನೀಲಿಗೆ ಒಂದು ರನ್ ಬಂತು. ಆರನೆಯದರಲ್ಲಿ ಮತ್ತೆ ಮೂರು. ನಾಲ್ಕು – ಮೂರು. ನಮ್ಮ ಪಿಚರ್ ಡ್ಯಾರೆಲ್ ಎಂಬ ಉದ್ದ ತೋಳಿನವನು ಎಸೆದದ್ದಕ್ಕೆಲ್ಲ ಹಳದಿಯವರು ಬರೀ ಗಾಳಿಗೆ ಬ್ಯಾಟ್ ಬೀಸಿದರು. ಅದರ ಹಿರಿಮೆಯೆಲ್ಲ ನನ್ನ ಪಾಲಿಗೆ ಬಂತು. ಪಕ್ಕದ ಸಾಲಿನ ಫಿಲಿಪಿನೋ ಹೆಂಗಸರಿಗೂ ಸುದ್ದಿ ಮುಟ್ಟಿತ್ತು. ನಾನು ಟೋಪಿ ಸರಿಪಡಿಸಿಕೊಳ್ಳಲು ಸ್ವಲ್ಪ ಅಲುಗಿದರೆ ನಾಲ್ಕು ಕಡೆಯಿಂದ ಕೈಗಳು ಬಂದು ಕೂರಿಸುತ್ತಿದ್ದವು.

ಏಳನೇ ಇನ್ನಿಂಗ್ಸ್‌ನ ನಡುವೆ ಸಂಗೀತ ಶುರುವಾಯಿತು. ಪ್ರೇಕ್ಷಕರೆಲ್ಲ ಎದ್ದು ಮೈಮುರಿಯುವುದು ಈ ಆಟದ ಸಂಪ್ರದಾಯ, ದಯವಿಟ್ಟು ಎಲ್ಲರೂ ನಿಲ್ಲಿ ಎಂದು ಮೈಕಿನಲ್ಲಿ ಹೇಳಿದರು. ಇಡೀ ಸ್ಟೇಡಿಯಂ ಎದ್ದಿತು. ನಾನೂ ಸೀಟಿನ ಕೈಗೆ ಕೈ ಊರಿದೆ.

"ನೀನಲ್ಲ," ಎಂದರು ಪೂವಕ್ಕ.

"ಪೂವಕ್ಕ, ಅದು ಸಂಪ್ರದಾಯವಂತೆ."

"ಅದು ಅವರದ್ದು. ನಮ್ಮದು ಬೇರೆ."

ಸುತ್ತ ಸೊಂಟಗಳು, ಬೆನ್ನುಗಳು. ನಡುವೆ ನಾನೊಬ್ಬಳು ಕೂತಿದ್ದೆ. ಪೂವಕ್ಕ ಎದ್ದಂತೆ ಮಾಡಿ ಮತ್ತೆ ನನ್ನ ಪಕ್ಕ ಕೂತರು. ಜೊತೆಗೆ ಯಾರಾದರೂ ಇರಬೇಕಲ್ಲ ಎಂದರು. ಅಷ್ಟು ಗದ್ದಲದಲ್ಲಿ ಹೇಳಿದ್ದು ಕೇಳಿಸಲಿಕ್ಕಿಲ್ಲ ಎನ್ನಿಸಿತು; ಅದಕ್ಕೇ ಹೇಳಿದೆ.

"ಧನಂಜಯ ಹೋದಾಗಲೂ ನಾನು ಚಹಾ ತರೋಕೆ ಎದ್ದು ಹೋಗಿದ್ದೆ. ಆಸ್ಪತ್ರೆಯಲ್ಲಿ. ಹತ್ತು ನಿಮಿಷ."

ಪೂವಕ್ಕ ತಿರುಗಿ ನೋಡಿದರು. ನೀರಿನ ಬಾಟಲಿಯ ಮುಚ್ಚಳ ತೆಗೆದು ನನ್ನ ಕೈಗೆ ಕೊಟ್ಟರು. ಸಂಗೀತ ನಿಂತು ಎಲ್ಲರೂ ಕೂತರು.

ಕೊನೆಯ ಇನ್ನಿಂಗ್ಸ್. ಬ್ಯಾಟ್ ಮಾಡುವ ಕೊನೆಯ ಸರದಿ ಹಳದಿಯದು. ಅವರ ಇಬ್ಬರು ಔಟಾಗಿದ್ದರು, ಒಬ್ಬ ಮೊದಲ ಬೇಸಿನಲ್ಲಿ ನಿಂತಿದ್ದ. ಇನ್ನೊಬ್ಬ ಔಟಾದರೆ ನಾವು ಗೆದ್ದಂತೆ. ಪೂವಕ್ಕ ನನ್ನ ಮೊಣಕೈ ಹಿಡಿದುಕೊಂಡಿದ್ದರು. ನಾರಾಯಣಸ್ವಾಮಿ ಉಸಿರು ಬಿಡುವುದನ್ನೂ ನಿಲ್ಲಿಸಿದಂತಿತ್ತು. ನಾನು ಕಾಲ ಬೆರಳನ್ನೂ ಅಲ್ಲಾಡಿಸಲಿಲ್ಲ.

ಡ್ಯಾರೆಲ್ ಎಸೆದ. ಟಕ್ ಎಂದಿತು. ಚೆಂಡು ದೀಪಗಳ ಎತ್ತರಕ್ಕೆ ಏರಿ, ನಿಧಾನವಾಗಿ ದೊಡ್ಡದಾಗುತ್ತ, ಬೇಲಿ ದಾಟಿ, ನಮ್ಮ ಮುಂದಿನ ಮೆಟ್ಟಿಲಿಗೆ ಬಡಿದು, ಸೀಟುಗಳ ಕೆಳಗೆ ಉರುಳಿತು. ಹೊಡೆದವನೂ ಮೊದಲ ಬೇಸಿನಲ್ಲಿದ್ದವನೂ ಓಡಿ ಬಂದರು. ಹಳದಿ ಐದು, ನೀಲಿ ನಾಲ್ಕು. ಖಲಾಸ್.

ಎಲ್ಲರೂ ಕೂತಲ್ಲೇ ಉಳಿದರು. ಆಮೇಲೆ ನಾರಾಯಣಸ್ವಾಮಿ ಸಾಲಿನುದ್ದಕ್ಕೂ ಕಣ್ಣು ಹಾಯಿಸಿದರು. ರೋಶನ್ ಆಗಷ್ಟೇ ಸಮೋಸಾದ ಪೊಟ್ಟಣ ಹಿಡಿದು ಮೆಟ್ಟಿಲು ಇಳಿಯುತ್ತಿದ್ದ.

"ನೀವು ಯಾವಾಗ ಎದ್ದಿರಿ?"

"ಈಗ, ಐದು ನಿಮಿಷ... ಹಸಿವಾಯ್ತು ಅಂತ."

"ಮುಗೀತು. ಸಮೋಸಾ ತಿಂದು ಮ್ಯಾಚ್ ಕಳೆದ್ರಿ." ಆಮೇಲೆ ನನ್ನ ಕಡೆ ಬಗ್ಗಿ, ತುಂಬ ಗೌರವದಿಂದ ಹೇಳಿದರು: "ನಿಮ್ಮದೇನೂ ತಪ್ಪಿಲ್ಲ ಅಮ್ಮ. ನೀವು ಸರಿಯಾಗೇ ಕೂತಿದ್ರಿ."

"ನಾನು ಎದ್ದಿರಲಿಲ್ಲ," ಎಂದೆ ಪೂವಕ್ಕನಿಗೆ.

"ನೋಡಿದ್ದೇನೆ. ನೀನು ಎದ್ದಿರ್ಲಿಲ್ಲ." ಅವರು ಮೈದಾನದ ಕಡೆಯೇ ನೋಡುತ್ತಿದ್ದರು. "ನಮ್ಮ ಯಜಮಾನರು ಹೋಗುವಾಗ ನಾನೂ ಎದ್ದಿರ್ಲಿಲ್ಲ ಮಗಾ. ಕೈ ಹಿಡ್ಕೊಂಡೇ ಕೂತಿದ್ದೆ. ಗಟ್ಟಿ ಹಿಡ್ಕೊಂಡಿದ್ದೆ. ಆದ್ರೂ ಹೋದ್ರು."

ಹಾಗೆಂದವರು ಬಗ್ಗಿ, ಕಾಲಿನಡಿ ಒತ್ತಿಟ್ಟುಕೊಂಡಿದ್ದ ಚೆಂಡನ್ನು ಎತ್ತಿ ಸೆರಗಿನಲ್ಲಿ ಒರೆಸಿದರು. ಅದು ಯಾವಾಗ ಅವರ ಕಾಲಡಿಗೆ ಹೋಗಿತ್ತೋ ಯಾರೂ ನೋಡಿರಲಿಲ್ಲ.

"ಮಾಮಿ, ಅದು ನಮ್ಮನ್ನು ಸೋಲಿಸಿದ ಚೆಂಡು," ಎಂದ ರೋಶನ್.

"ಇರ್ಲಿ. ಮಗುವಿಗೆ ಆಡ್ಲಿಕ್ಕೆ ಆಗ್ತದೆ. ನಿಮ್ಮ ಕೈಗಂತೂ ಕೊಡುವುದಿಲ್ಲ."

ನನಗೆ ನಗು ಬಂತು. ನಗುತ್ತಲೇ ಕೇಳಿಬಿಟ್ಟೆ. "ಪೂವಕ್ಕ, ನಾಳೆ ಅಮಿತಾಗೆ ನೀವು ಹೂ ಮುಡಿಸ್ತೀರಾ?"

"ನಾನಾ? ನನಗೆ ಪಾಯಸ ನೋಡ್ಲಿಕ್ಕುಂಟು."

"ಪಾಯಸ ರೋಶನ್ ನೋಡ್ಕೋತಾನೆ. ನೀವು ಕೂತ್ರೆ ನಾನೂ ಕೂರ್ತೀನಿ. ಇಲ್ದಿದ್ರೆ ನಾವಿಬ್ರೂ ಅಡುಗೆಮನೇಲಿ."

ಅವರು ಚೆಂಡಿನ ಕೆಂಪು ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸುತ್ತ ಕೂತರು. ಒಂದು ಸುತ್ತು ಮುಗಿಯಿತು, ಇನ್ನೊಂದು ಸುತ್ತು ಶುರುವಾಯಿತು. ಜನ ನಮ್ಮ ಮೊಣಕಾಲು ದಾಟಿಕೊಂಡು ಹೊರಗೆ ಹೋಗುತ್ತಿದ್ದರು.

"ಅಳಿಯಂದಿರೇ, ಮಂಗಳೂರಿಂದ ಮಲ್ಲಿಗೆ ಎಷ್ಟು ಅಟ್ಟಿ ಬಂದಿದೆ?"

"ನಾಲ್ಕು ಅಟ್ಟಿ ಮಾಮಿ. ಫ್ರಿಜ್ಜಲ್ಲುಂಟು."

"ಸಾಕು. ಐದು ಜನಕ್ಕೆ ಧಾರಾಳ." ಚೆಂಡನ್ನು ಚೀಲಕ್ಕೆ ಹಾಕಿ ಜಿಪ್ ಎಳೆದರು. "ಪಾಯಸ ತಳ ಹಿಡಿಸ್ಬೇಡಿ ಮತ್ತೆ."

ರೋಶನ್‌ಗೆ ಏನೂ ಅರ್ಥವಾಗಲಿಲ್ಲ. ಸಮೋಸಾ ಚಾಚಿದ. ಪೂವಕ್ಕ ಒಂದು ತೆಗೆದುಕೊಂಡು ಮುರಿದರು.

"ಇದಕ್ಕೆ ಚಹಾ ಬೇಕು. ಸಂಜನಾ, ಈಗ ಏಳು. ನನ್ನದಕ್ಕೆ ಸಕ್ಕರೆ ಕಡಿಮೆ."

ಎದ್ದೆ. ಕಾಲು ಜೋಮು ಹಿಡಿದಿತ್ತು. ಕರಕ್ ಅಂಗಡಿಯ ಮುಂದೆ ಸೋತವರದೂ ಗೆದ್ದವರದೂ ಒಂದೇ ಸಾಲು. ನನ್ನ ಸರದಿ ಬರಲು ಹತ್ತು ನಿಮಿಷ ಹಿಡಿಯಿತು. ನಿಂತಲ್ಲಿಂದಲೇ ಅಮಿತಾಳಿಗೆ ಎರಡು ಪದದ ಮೆಸೇಜ್ ಕಳಿಸಿದೆ: ಇಬ್ಬರೂ ಬರುತ್ತೇವೆ.

ಮೂರು ಲೋಟ ಹಿಡಿದು ಮೆಟ್ಟಿಲು ಇಳಿದಾಗ ಸ್ಟೇಡಿಯಂ ಹೆಚ್ಚುಕಡಿಮೆ ಖಾಲಿಯಾಗಿತ್ತು. ಪೂವಕ್ಕ ಅಲ್ಲೇ ಕೂತಿದ್ದರು. ನೀಲಿ ಟೋಪಿ ತುರುಬಿನ ಮೇಲೆ ವಾರೆಯಾಗಿತ್ತು. ನನ್ನ ಸೀಟಿನ ಮೇಲೆ ಚೀಲವಿಟ್ಟು ಜಾಗ ಕಾದಿದ್ದರು.