ನೇಗಿಲಿಗಿಂತ ಕೆಳಗೆ

ಹೊಲಗಳ ಮಣ್ಣು ಕೆದಕಿ ಹುಡುಕಿದ ಹತ್ತು ವರ್ಷದಲ್ಲಿ ಬ್ಯಾರಿ ಥರ್ಟಲ್‌ಗೆ ಒಂದೇ ಒಂದು ಬೆಳ್ಳಿ ನಾಣ್ಯವೂ ಸಿಕ್ಕಿರಲಿಲ್ಲ.

ಸೀಸದ ಗುಂಡುಗಳು ಸಿಕ್ಕಿದ್ದವು. ಬಿಯರ್ ಡಬ್ಬಿಯ ತಗಡಿನ ಉಂಗುರಗಳು, ಕುದುರೆ ಲಾಳದ ಮೊಳೆಗಳು, ವಿಕ್ಟೋರಿಯಾ ರಾಣಿಯ ಮೂಗು ಸವೆದುಹೋದ ತಾಮ್ರದ ಪೆನ್ನಿಗಳು ಸಿಕ್ಕಿದ್ದವು. ಎಲ್ಲಕ್ಕಿಂತ ಹೆಚ್ಚಾಗಿ ಸಿಕ್ಕಿದ್ದು ಬಟನ್‌ಗಳು. ಇಂಗ್ಲೆಂಡಿನ ನಾರ್ಫಕ್‌ನ ಆ ಸಣ್ಣ ಪೇಟೆಯ ನಾಣ್ಯ ಸಂಘದಲ್ಲಿ ಅವನನ್ನು ಬ್ಯಾರಿ ಎಂದು ಕರೆಯುವವರೇ ಉಳಿದಿರಲಿಲ್ಲ. ಅವನು ಬಟನ್.

ತಿಂಗಳ ಮೊದಲ ಮಂಗಳವಾರ ಸಂಜೆ ಪಬ್ಬಿನ ಹಿಂದಿನ ಕೋಣೆಯಲ್ಲಿ ಸಂಘ ಸೇರುತ್ತಿತ್ತು. ಹಸಿರು ಬಟ್ಟೆ ಹಾಸಿದ ಮೇಜಿನ ಮೇಲೆ ಆ ತಿಂಗಳು ಸಿಕ್ಕಿದ್ದನ್ನು ಇಡಬೇಕು, ಎಲ್ಲರೂ ಭೂತಗನ್ನಡಿ ಹಿಡಿದು ನೋಡಬೇಕು, ಕೊನೆಗೆ ಕೈ ಎತ್ತಿ ಒಂದನ್ನು ಆರಿಸಬೇಕು. ಗೆದ್ದವನು ಸಂಘದ ಬಹುಮಾನದ ಕಪ್ಪನ್ನು ಮುಂದಿನ ಸಭೆಯವರೆಗೆ ಮನೆಯಲ್ಲಿಟ್ಟುಕೊಳ್ಳಬಹುದು. ಕಪ್ಪಿಗೆ ಬಳಿದ ಬೆಳ್ಳಿ ಬಣ್ಣ ಹಿಡಿಕೆಯ ಹತ್ತಿರ ಎದ್ದುಹೋಗಿತ್ತು. ಆದರೂ ಅದಕ್ಕಾಗಿ ದೊಡ್ಡ ಗಂಡಸರು ಮಾತು ಬಿಟ್ಟದ್ದುಂಟು. ಆ ಮೇಜಿನಲ್ಲಿ ಯಾವ ಹೊಲದಲ್ಲಿ ಸಿಕ್ಕಿತು ಎಂದು ಮಾತ್ರ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಹೊಸಬ ಯಾರಾದರೂ ಕೇಳಿದರೆ "ಮಣ್ಣಲ್ಲಿ" ಎಂಬ ಉತ್ತರ ಬರುತ್ತಿತ್ತು, ಎಲ್ಲರೂ ನಗುತ್ತಿದ್ದರು. ಕತ್ತಲಲ್ಲಿ ಬೇರೆಯವರ ಹೊಲಕ್ಕೆ ನುಗ್ಗಿ ಅಗೆದೊಯ್ಯುವ ಕಳ್ಳರು ಆ ಸೀಮೆಯಲ್ಲಿ ಎಲ್ಲೆಲ್ಲೂ ಇದ್ದರು.

ಬ್ಯಾರಿಗೆ ಹೊಲ ಅಂತ ಇದ್ದದ್ದು ಲೆಸ್ ಗುಡರಮ್‌ನ ದಯದಿಂದ. ಲೆಸ್ ಸಕ್ಕರೆ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು, ಎಪ್ಪತ್ತು ದಾಟಿದವನು. ಮಿಸೆಸ್ ಲಾರ್ವುಡ್ ಎಂಬ ವಿಧವೆಯ ಇನ್ನೂರು ಎಕರೆಯಲ್ಲಿ, ನೆಲದಡಿಯ ಲೋಹ ಕಂಡರೆ ಸದ್ದು ಮಾಡುವ ಡಿಟೆಕ್ಟರ್ ಹಿಡಿದು ಓಡಾಡಲು ಹತ್ತೊಂಬತ್ತು ವರ್ಷದಿಂದ ಅವನೊಬ್ಬನಿಗೇ ಅಪ್ಪಣೆಯಿತ್ತು. ಆ ಅಪ್ಪಣೆ ಕಾಗದದಲ್ಲಿರಲಿಲ್ಲ, ಬರೀ ಕೈಕುಲುಕಿ ಆದದ್ದು. ಅದಕ್ಕೆ ಪ್ರತಿಯಾಗಿ ಲೆಸ್ ಅವಳ ಬೇಲಿ ಕಟ್ಟುತ್ತಿದ್ದ, ಹಳ್ಳದ ಹೂಳು ತೆಗೆಯುತ್ತಿದ್ದ, ಸಿಕ್ಕಿದ್ದನ್ನೆಲ್ಲ ಅವಳ ಅಡುಗೆಮನೆಯ ಮೇಜಿನ ಮೇಲೆ ಸುರಿದು ಮೊದಲ ಆಯ್ಕೆ ಅವಳಿಗೇ ಬಿಡುತ್ತಿದ್ದ. ಬ್ಯಾರಿ ಪಾರ್ಸೆಲ್ ವ್ಯಾನ್ ಓಡಿಸುವವನು. ಹೆಂಡತಿ ಬಿಟ್ಟುಹೋದ ವರ್ಷ ಒಬ್ಬನೇ ಕುಡಿಯುತ್ತ ಕೂತಿದ್ದವನನ್ನು ಲೆಸ್ ಎಬ್ಬಿಸಿ, ತನ್ನ ಹಳೆಯ ಡಿಟೆಕ್ಟರನ್ನು ಕೈಗಿಟ್ಟು ಆ ಹೊಲಕ್ಕೆ ಕರೆದುಕೊಂಡು ಹೋಗಿದ್ದ. ಇವನಿಗೆ ನಾನು ಜವಾಬ್ದಾರಿ ಎಂದು ಮಿಸೆಸ್ ಲಾರ್ವುಡ್‌ಗೆ ಹೇಳಿದ್ದ.

ಸೆಪ್ಟೆಂಬರ್ ಕೊನೆಯ ಭಾನುವಾರ, ಬಾರ್ಲಿ ಕೊಯ್ದ ಕೂಳೆಯಲ್ಲಿ, ಬ್ಯಾರಿಯ ಕಿವಿಯಲ್ಲಿ ಡಿಟೆಕ್ಟರಿನ ಸದ್ದು ಸ್ಪಷ್ಟವಾಗಿ ಎದ್ದಿತು. ಒಂದು ಗೇಣು ಅಗೆದ. ಹೆಂಟೆಯ ಅಂಚಿನಲ್ಲಿ ಬಿಳಿಯದೇನೋ ಕಂಡಿತು. ಗುಂಗುರು ಕೂದಲಿನ ರಾಜನ ಮುಖ, ಹಿಂದೆ ಅಂಚಿನ ತನಕ ಚಾಚಿದ ಶಿಲುಬೆ. ಏಳುನೂರು ವರ್ಷಕ್ಕಿಂತ ಹಳೆಯ ಬೆಳ್ಳಿ ಪೆನ್ನಿ, ನಿನ್ನೆ ಟಂಕಿಸಿದಷ್ಟು ಚೂಪಾಗಿತ್ತು. ಬ್ಯಾರಿ ಹೆಬ್ಬೆರಳಿಗೆ ಎಂಜಲು ಹಚ್ಚಿದ್ದನ್ನು ನೋಡಿ ಪಕ್ಕದಲ್ಲಿದ್ದ ಲೆಸ್ ಅವನ ಮಣಿಕಟ್ಟು ಹಿಡಿದ.

"ಉಜ್ಜಬೇಡ್ವೋ. ಮರಳು ಗೀಚತ್ತೆ. ಇಷ್ಟು ದಿನ ಕಾದಿದ್ದೀಯ, ಮನೆಗೆ ಹೋಗೋ ತನಕ ಕಾಯಕ್ಕಾಗಲ್ವಾ?"

ಬ್ಯಾರಿ ನಾಣ್ಯವನ್ನು ಹೆಂಟೆಯ ಸಮೇತ ಗುಂಡಿಯ ಅಂಚಿನಲ್ಲಿಟ್ಟು, ನೆಲಕ್ಕೆ ಮಲಗಿ ಒಂದು ಫೋಟೋ ತೆಗೆದುಕೊಂಡ. ಲೆಸ್ ಅಷ್ಟರಲ್ಲಿ ತನ್ನ ಡಿಟೆಕ್ಟರನ್ನು ಗುಂಡಿಯೊಳಗೆ ಇಳಿಸಿ ನೋಡುತ್ತಿದ್ದ. ಇನ್ನೊಂದು ಸದ್ದು ಕೇಳುತ್ತಿತ್ತು. ಇನ್ನೂ ಆಳದಿಂದ ಬರುತ್ತಿದ್ದ ಆ ಸದ್ದು ಅಗಲವಾಗಿತ್ತು, ಎತ್ತ ತಿರುಗಿಸಿದರೂ ಬಿಡಲಿಲ್ಲ. ಸವೆಯದ ಒಂದು ನಾಣ್ಯ ಯಾರ ಜೇಬಿನಿಂದಲೂ ಬಿದ್ದದ್ದಲ್ಲ, ಕೆಳಗೆ ಯಾರೋ ನಾಣ್ಯ ತುಂಬಿ ಹೂತ ಮಡಕೆಯಿದೆ, ನೇಗಿಲು ಅದರ ಬಾಯಿ ತಾಗಿಸಿ ಒಂದನ್ನು ಮೇಲೆ ತಂದಿದೆ ಎಂದು ಲೆಸ್ ಹೇಳಿದ. ಹೇಳಿ, ಗುಂಡಿ ಮುಚ್ಚತೊಡಗಿದ. ಬ್ಯಾರಿಗೆ ಅಳು ಬರುವಂತಾಯಿತು. ಆದರೆ ಲೆಸ್ ನೇಗಿಲು ಮುಟ್ಟದ ಮಣ್ಣನ್ನು ಎಂದೂ ಅಗೆದವನಲ್ಲ. ಅದು ಮ್ಯೂಸಿಯಂನವರ ಕೆಲಸ. ಯಾವುದರ ಪಕ್ಕ ಯಾವುದು ಇತ್ತು ಎಂಬುದೂ ಬೆಳ್ಳಿಯಷ್ಟೇ ಮುಖ್ಯ ಎನ್ನುವವನು. ಲೆಸ್ ಫೋನ್ ಮಾಡಿದಾಗ ಮ್ಯೂಸಿಯಂನ ಹೆಂಗಸು ಗುರುವಾರ ಬರುತ್ತೇನೆಂದಳು. ಪೆನ್ನಿಯನ್ನು ಅಲ್ಲಿಯತನಕ ಬ್ಯಾರಿಯೇ ಇಟ್ಟುಕೊಳ್ಳಲಿ ಎಂದು ಮಿಸೆಸ್ ಲಾರ್ವುಡ್ ಹೇಳಿದಳು.

"ಮಂಗಳವಾರ ಸಂಘದಲ್ಲಿ ಬಾಯಿ ಬಿಡಬೇಡ," ಎಂದ ಲೆಸ್. "ನನ್ನ ಮಂಡಿ ನೋವು, ನಾನು ಬರಲ್ಲ. ಮುಂದಿನ ತಿಂಗಳು ಇಬ್ಬರೂ ಹೋಗಿ ತೋರಿಸೋಣ."

ಬ್ಯಾರಿ ಆಗಲಿ ಎಂದ. ಹೇಳುವಾಗ ಮನಸ್ಸಿನಲ್ಲೂ ಹಾಗೇ ಇತ್ತು.

ಮಂಗಳವಾರ ಅವನು ಪೆನ್ನಿಯನ್ನು ಜೇಬಿನಲ್ಲಿಟ್ಟುಕೊಂಡೇ ಹೋದ. ತೋರಿಸಲಿಕ್ಕಲ್ಲ, ಹತ್ತಿರ ಇರಲಿ ಅಂತ. ಹರಾಜು ಅಂಗಡಿಯಲ್ಲಿ ಗುಮಾಸ್ತನಾಗಿದ್ದ ಡಡ್ಲಿ ಹೌಸ್ ಸತತ ಮೂರು ತಿಂಗಳು ಕಪ್ ಗೆದ್ದಿದ್ದವನು, ಆ ದಿನವೂ ಆರು ಪೆನ್ಸಿನ ಒಂದು ಬೆಳ್ಳಿ ನಾಣ್ಯ ತಂದಿದ್ದ. ಮೇಜಿನ ಸುತ್ತ ಬ್ಯಾರಿಯನ್ನು ಬಿಟ್ಟು ಒಂಬತ್ತು ಜನ. ಸರದಿ ಬ್ಯಾರಿಯ ಹತ್ತಿರ ಬಂದಾಗ ಡಡ್ಲಿ ತಲೆಯೆತ್ತದೆ ಕೇಳಿದ.

"ಏನಪ್ಪಾ ಬಟನ್, ಈ ಸಲ ಎಷ್ಟು ತೂತಿಂದು? ಎರಡಾ, ನಾಲ್ಕಾ?"

ಎಲ್ಲರೂ ನಕ್ಕರು. ಕೆಟ್ಟ ನಗುವೇನಲ್ಲ, ಅಭ್ಯಾಸದ ನಗು. ಬ್ಯಾರಿಯ ಕೈ ತಾನಾಗಿ ಜೇಬಿಗೆ ಹೋಯಿತು. ಪೆನ್ನಿಯನ್ನು ಹಸಿರು ಬಟ್ಟೆಯ ನಡುವೆ ಇಟ್ಟ. ನಗು ನಿಂತಿತು. ಆ ಮೌನಕ್ಕಾಗಿ ಅವನು ಹತ್ತು ವರ್ಷ ಮಳೆಯಲ್ಲಿ ನಡೆದಿದ್ದ. ಡಡ್ಲಿ ಭೂತಗನ್ನಡಿಯಲ್ಲಿ ನೋಡಿ, ತಿರುಗಿಸಿ ನೋಡಿ, ಕೆಳಗಿಟ್ಟ.

"ಚೆನ್ನಾಗಿದೆ. ಯಾವ ಸಂತೇಲಿ ತಗೊಂಡೆ? ಅಗೆದಿದ್ದು ಇಷ್ಟು ಚೆನ್ನಾಗಿರಲ್ಲ ಮಾರಾಯ. ಬೇಜಾರಿಲ್ಲ ಬಿಡು, ನಾವ್ಯಾರೂ ಹೇಳಲ್ಲ."

ಮತ್ತೆ ನಗು. ಈ ಸಲ ಮೊದಲಿನದಕ್ಕಿಂತ ಜೋರು. ಬ್ಯಾರಿಯ ಕಿವಿ ಬಿಸಿಯಾಯಿತು. ಹೊಲ ಯಾವುದೆಂದು ಅವನು ಹೇಳಲಿಲ್ಲ, ಅಷ್ಟು ಎಚ್ಚರವಿತ್ತು. ಫೋನ್ ತೆಗೆದು ಫೋಟೋ ತೋರಿಸಿದ. ಮಣ್ಣು, ಹೆಂಟೆ, ಹೆಂಟೆಯಲ್ಲಿ ಹೂತ ನಾಣ್ಯ. ಈಗ ಹೇಳಿ ಎಂದ. ಫೋನ್ ಕೈಯಿಂದ ಕೈಗೆ ಹೋಯಿತು. ಒಬ್ಬ ಶಿಳ್ಳೆ ಹಾಕಿದ. ಒಬ್ಬ ಬೆನ್ನು ತಟ್ಟಿದ. ಯಾರೋ ಎರಡು ಬೆರಳಿಂದ ಚಿತ್ರವನ್ನು ಹಿಗ್ಗಿಸಿ ನೋಡಿದರು. ನಾಣ್ಯ ನೋಡುತ್ತಿದ್ದಾರೆ ಎಂದುಕೊಂಡ ಬ್ಯಾರಿ ಡಡ್ಲಿಯ ಮುಖವನ್ನೇ ನೋಡುತ್ತ ಕೂತ. ಆ ಬೆರಳು ಯಾರದಾಗಿತ್ತು ಎಂದು ಆಮೇಲೆ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಏಳು ಕೈ ಎದ್ದವು. ಕಪ್ಪನ್ನು ವ್ಯಾನಿನ ಮುಂದಿನ ಸೀಟಿನಲ್ಲಿಟ್ಟು, ಬೀಳದಿರಲಿ ಎಂದು ಬೆಲ್ಟ್ ಹಾಕಿ, ಮನೆಗೆ ತಂದ.

ಬುಧವಾರ ಬೆಳಿಗ್ಗೆ ಲೆಸ್ ಫೋನ್ ಮಾಡಿ, ಹೊಲಕ್ಕೆ ಬಾ ಎಂದಷ್ಟೇ ಹೇಳಿದ. ಹೋದಾಗ ಲೆಸ್ ಕೋಲೂರಿ ನಿಂತಿದ್ದ, ಪಕ್ಕದಲ್ಲಿ ಮಿಸೆಸ್ ಲಾರ್ವುಡ್. ಕೂಳೆಯ ತುಂಬ ಗುಂಡಿ. ಅವರು ಮುಚ್ಚಿದ್ದ ಜಾಗದಲ್ಲಿ ಮಗುವನ್ನು ಹೂಳುವಷ್ಟು ದೊಡ್ಡದೊಂದು ಗುಂಡಿ, ಅದರ ಅಂಚಿನಲ್ಲಿ ಬೂದು ಮಡಕೆಯ ಚೂರುಗಳು. ಒಳಮೈಗೆ ನಾಣ್ಯ ಅಂಟಿಕೊಂಡಿದ್ದ ದುಂಡು ಗುರುತುಗಳು ಹಸಿರಾಗಿ ಕಾಣುತ್ತಿದ್ದವು.

"ತೋರಿಸಿದ್ಯಾ?" ಎಂದ ಲೆಸ್.

"ನಾಣ್ಯ ಅಷ್ಟೇ. ಹೊಲ ಯಾವುದು ಅಂತ ಹೇಳಿಲ್ಲ, ಲೆಸ್."

"ಫೋಟೋ?"

ಬ್ಯಾರಿ ಫೋನ್ ಕೊಟ್ಟ. ಲೆಸ್ ಚಿತ್ರವನ್ನು ಹಿಗ್ಗಿಸಲೂ ಇಲ್ಲ. ಹೆಂಟೆಯ ಹಿಂದೆ, ಹೆಬ್ಬೆಟ್ಟಿನ ಗಾತ್ರಕ್ಕೆ, ಚರ್ಚಿನ ದುಂಡು ಗೋಪುರ ನಿಂತಿತ್ತು. ದುಂಡು ಗೋಪುರಗಳು ನಾರ್ಫಕ್‌ನಲ್ಲಿ ಬೇಕಾದಷ್ಟಿವೆ. ತುದಿ ಕುಸಿದು ಒಳಗಿನಿಂದ ಮರ ಬೆಳೆದದ್ದು ಅದೊಂದೇ.

ಮಿಸೆಸ್ ಲಾರ್ವುಡ್ ಬ್ಯಾರಿಯನ್ನು ಬೈಯಲಿಲ್ಲ. ಅವನ ಕಡೆ ತಿರುಗಲೂ ಇಲ್ಲ.

"ಇವನನ್ನ ಕರ್ಕೊಂಡು ಬಂದಿದ್ದು ನೀನು, ಲೆಸ್ಲಿ," ಎಂದಳು. "ಗೇಟಿನ ಬೀಗದ ಕೈ ಕೊಟ್ಬಿಡು."

ಲೆಸ್ ಗೊಂಚಲಿನಿಂದ ಬೀಗದ ಕೈ ಬಿಡಿಸಲು ತುಂಬ ಹೊತ್ತು ತೆಗೆದುಕೊಂಡ. ಸಹಾಯಕ್ಕೆ ಚಾಚಿದ ಬ್ಯಾರಿಯ ಕೈಯನ್ನು ದೂಡಿದ. ಬೀಗದ ಕೈ ತೆಗೆದುಕೊಂಡ ಮೇಲೆ ಅವಳು ಬ್ಯಾರಿಯ ಮುಂದೆ ಅಂಗೈ ಒಡ್ಡಿದಳು. ಅವನು ಪೆನ್ನಿ ಕೊಟ್ಟ.

ಪೊಲೀಸರು ಬಂದು ಒಂಬತ್ತು ಜನರ ಹೆಸರು ಬರೆದುಕೊಂಡು ಹೋದರು. ಅದರಿಂದ ಏನೂ ಹೊರಬೀಳಲಿಲ್ಲ. ಮುಂದಿನ ಸಭೆಗೆ ಆ ಒಂಬತ್ತು ಜನವೂ ಬಂದಿದ್ದರು. ಎಂಥ ಅನ್ಯಾಯ ಎಂದು ಒಬ್ಬೊಬ್ಬರಾಗಿ ಬ್ಯಾರಿಯ ಭುಜ ಹಿಡಿದು ಹೇಳಿದರು. ಅವನು ಕಪ್ಪನ್ನು ಮೇಜಿನ ಮೇಲಿಟ್ಟು ಹೊರಬಂದ. ಲೆಸ್ ಮನೆಯ ಬಾಗಿಲು ತಟ್ಟಿದರೆ ಅವನ ಹೆಂಡತಿ ಕಿಟಕಿಯಿಂದ ನೋಡಿ ಪರದೆ ಎಳೆದಳು.

ಮ್ಯೂಸಿಯಂನ ಹೆಂಗಸು ಹೇಳಿದಂತೆಯೇ ಗುರುವಾರ ಬಂದಿದ್ದಳು. ಹನ್ನೊಂದು ಮಡಕೆಚೂರು ಆರಿಸಿ ಚೀಲಕ್ಕೆ ಹಾಕಿಕೊಂಡಳು. ಕಳೆದದ್ದು ಇಷ್ಟು: ಯಾರೂ ಎಣಿಸದ ಒಂದು ಮಡಕೆ ಬೆಳ್ಳಿ, ಲೆಸ್‌ಗೆ ಇನ್ನೂರು ಎಕರೆ, ಬ್ಯಾರಿಗೆ ಒಂದು ಪೆನ್ನಿ ಮತ್ತು ಲೆಸ್.