ಮೇಯರ್ ಥಾರ್ನ್ ಮತ್ತು ಬೀದಿಯ ಹಂದಿಗಳು

ಒಹಾಯೊ ನದಿದಂಡೆಯ ಪಟ್ಟಣವೊಂದಕ್ಕೆ ನಗರವೆಂಬ ಪಟ್ಟ ಸಿಕ್ಕಿ, ಚರ್ಮದ ವ್ಯಾಪಾರಿ ಲೆಮುಯೆಲ್ ಥಾರ್ನ್ ಅದರ ಮೊದಲ ಮೇಯರ್ ಆದ. ನಗರವೆಂದ ಮೇಲೆ ಬೀದಿಯಲ್ಲಿ ಹಂದಿಗಳು ಅಲೆಯಬಾರದೆಂದು ಅಪ್ಪಣೆ ಮಾಡಿದ. ಹಂದಿಗಳೆಲ್ಲ ದೊಡ್ಡಿ ಸೇರಿದವು. ಜನ ಮಾತ್ರ ಎಂದಿನಂತೆ ಮುಸುರೆ, ಮೀನಿನ ತಲೆಗಳನ್ನು ಬೀದಿಗೇ ಎಸೆದರು. ಅವೆಲ್ಲ ಅಲ್ಲೇ ಕೊಳೆತು, ನಗರಪಿತ ಮೂಗು ಮುಚ್ಚಿಕೊಂಡೇ ಕಚೇರಿಗೆ ಹೋಗಬೇಕಾಯಿತು.

“ಹಂದಿಗಳನ್ನೇನೋ ಓಡಿಸಿದ್ರಿ. ಅವುಗಳ ಕೆಲ್ಸ ಈಗ ಯಾರು ಮಾಡ್ತಾರೆ, ನೀವಾ?” ಎಂದಳು ಹೆಂಡತಿ ಪ್ರುಡೆನ್ಸ್.

“ನಾನು ಮೇಯರ್ ಕಣೇ!”

“ಗೊತ್ತು ಬಿಡಿ. ಅವು ಭಾಷಣ ಮಾಡ್ತಿರ್ಲಿಲ್ಲ, ಕೆಲ್ಸ ಮಾಡ್ತಿದ್ವು.”

ಥಾರ್ನ್ ಮುಖ ಕೆಂಪಗಾಯಿತು. ಆದರೂ ಅಂದೇ ದೊಡ್ಡಿಯ ಬಾಗಿಲು ತೆಗೆಸಿದ. ವಾರ ಕಳೆಯುವಷ್ಟರಲ್ಲಿ ಬೀದಿಗಳು ಚೊಕ್ಕಟವಾದವು. ನಗರವನ್ನು ಶುಚಿಗೊಳಿಸಿದ ಧೀಮಂತನೆಂದು ಜನ ಮುಂದಿನ ಚುನಾವಣೆಯಲ್ಲಿ ಅವನನ್ನೇ ಮತ್ತೆ ಗೆಲ್ಲಿಸಿದರು. ಅವನೂ ಒಂದಿಷ್ಟೂ ನಾಚದೆ ಹಾರ ಹಾಕಿಸಿಕೊಂಡ.