ತಪ್ಪಿಲ್ಲದ ಕೈ

ಭಾವನಿಗೆ ಕಿವಿಯೇ ಬಂಡವಾಳ. ಕೆಳಗಿನ ಅಂಗಡಿಯಲ್ಲಿ ಬೀಗ ರಿಪೇರಿ. ಯಾರಾದರೂ ಕೀಲಿ ಕಳೆದುಕೊಂಡರೆ ಬೀಗದೊಳಗೆ ತಂತಿ ತೂರಿಸಿ, ಪಿನ್ನುಗಳು ಒಂದೊಂದಾಗಿ ಟಿಕ್ ಎನ್ನುವುದನ್ನು ಕೇಳಿಸಿಕೊಂಡೇ ತೆರೆದುಕೊಡುತ್ತಿದ್ದ. ಊರಿಗೆಲ್ಲ ದೇವರಂಥ ಮನುಷ್ಯ. ಮನೆಯೊಳಗಿನದು ಮನೆಯವರಿಗೇ ಗೊತ್ತು.

ಮಹಡಿಯ ಕೋಣೆಗೆ ಪಿಯಾನೊ ತಂದು ಹೆಂಡತಿಗೆ ಕೊಟ್ಟವನೂ ಅವನೇ. ಎಂಥ ಪ್ರೀತಿ ಎಂದು ನೆರೆಹೊರೆಯವರು ಕರುಬಿದರು. ಅಸಲು ಸಂಗತಿ ಬೇರೆ. ಗಿರಾಕಿಗಳು ತುಂಬಿರುವ ನಾಲ್ಕರಿಂದ ಐದರವರೆಗೆ ಮೇಲಿಂದ ಸದ್ದು ಬರುತ್ತಲೇ ಇರಬೇಕು. ನಿಂತರೆ ಅವನು ಮೆಟ್ಟಿಲು ಹತ್ತಿ ಬರುತ್ತಿದ್ದ.

ಅಕ್ಕನಿಗೆ ಬರುತ್ತಿದ್ದುದು ಹೊಸಬರೆಲ್ಲ ಕಲಿಯುವ ನಾಲ್ಕೇ ಕಾರ್ಡು. ಮೂರು ಮನೆ ಒಟ್ಟಿಗೆ ಒತ್ತಿದರೆ ಒಂದು ಕಾರ್ಡ್. ಸಿ, ಜಿ, ಎ ಮೈನರ್, ಎಫ್, ಮತ್ತೆ ಸಿ. ಗಾಣದೆತ್ತಿನ ಹಾಗೆ ಸುತ್ತುತ್ತಲೇ ಇರಬಹುದು. ತಿಂಗಳ ಮಟ್ಟಿಗೆ ಬಂದಿದ್ದ ತಂಗಿ ಅದನ್ನು ಊಟದ ಮೇಜಿನ ಮೇಲೆ ಸದ್ದಿಲ್ಲದೆ ಬೆರಳಾಡಿಸಿ ಕಲಿತಳು. ಒಂದು ತಪ್ಪೂ ಆಗಬಾರದೆಂದು ಹಟ ಹಿಡಿದು ಕಲಿತಳು. ಅವಳು ನುಡಿಸುತ್ತಿರುವಾಗ ಅಕ್ಕ ಹಿಂದಿನ ಮೆಟ್ಟಿಲಿಳಿದು, ಎರಡು ಬೀದಿಯಾಚೆ ನಾಲ್ಕೂವರೆಯ ಬಸ್ಸು ಹತ್ತಬೇಕು. ಈ ಮನೆಯಿಂದ ಅಕ್ಕ ಜೀವಸಹಿತ ಪಾರಾಗಲು ಬೇರೆ ದಾರಿ ಇರಲಿಲ್ಲ.

ಆ ದಿನ ಅಕ್ಕ ಇಳಿದು ಹೋದಮೇಲೆ ತಂಗಿ ಕೋಣೆಗೆ ಒಳಗಿನಿಂದ ಬೀಗ ಹಾಕಿ, ಕೀಲಿ ಜೇಬಿಗಿಳಿಸಿ ಶುರು ಮಾಡಿದಳು. ಕೈ ಎಲ್ಲೂ ತಡವರಿಸಲಿಲ್ಲ. ತನ್ನ ಬಗ್ಗೆ ತನಗೇ ಹೆಮ್ಮೆಯಾಯಿತು. ಕಾಲು ಗಂಟೆ ಕಳೆಯುವಷ್ಟರಲ್ಲಿ ಕೆಳಗೆ ಕೀಲಿ ಉಜ್ಜುವ ಯಂತ್ರ ನಿಂತಿತು.

ಆಗ ಅವಳಿಗೆ ಹೊಳೆಯಿತು. ಎ ಮೈನರಿನಿಂದ ಎಫ್‌ಗೆ ಹೋಗುವಾಗ ಹೆಬ್ಬೆರಳು, ಕಿರುಬೆರಳು ಇದ್ದಲ್ಲೇ ಇರುತ್ತವೆ. ನಡುಬೆರಳೊಂದು ಪಕ್ಕದ ಮನೆಗೆ ಸರಿದರೆ ಸಾಕು. ಅಕ್ಕನ ನಡುಬೆರಳು ಎರಡು ವರ್ಷದ ಹಿಂದೆ ಬಾಗಿಲ ಸಂದಿಗೆ ಸಿಕ್ಕಿದಾಗಿನಿಂದ ಸೆಟೆದಿದೆ. ಪ್ರತಿ ಸುತ್ತಿನಲ್ಲೂ ಆ ಒಂದು ಸ್ವರ ಅರೆಗಳಿಗೆ ತಡ. ತಂಗಿ ಅದನ್ನು ದಿನವೂ ಕೇಳಿದ್ದಳು. ತಪ್ಪನ್ನೂ ಕಲಿಯಬೇಕೆಂದು ಯಾರಿಗೆ ಹೊಳೆಯುತ್ತದೆ?

ಮೆಟ್ಟಿಲ ಮೇಲೆ ಚಪ್ಪಲಿ ಸದ್ದು ಬಂದು ಬಾಗಿಲಾಚೆ ನಿಂತಿತು.

"ಇವತ್ತು ಬೆರಳು ತಡ ಆಗ್ಲೇ ಇಲ್ವಲ್ಲ" ಎಂದ ಭಾವ, ಮೆಲ್ಲಗೆ.

ಅವಳು ಮುಂದಿನ ಸುತ್ತಿನಲ್ಲಿ ನಡುಬೆರಳನ್ನು ಬೇಕೆಂದೇ ತಡೆದಳು.

"ಓಹೋ, ಈಗ ನೆನಪಾಯ್ತಾ?" ಅವನು ನಕ್ಕ. "ಬಾಗಿಲು ತೆಗಿ."

ಗಡಿಯಾರದಲ್ಲಿ ನಾಲ್ಕು ಇಪ್ಪತ್ತು. ಅವನು ಬಸ್ ನಿಲ್ದಾಣಕ್ಕೆ ಓಡಿದರೆ ಐದೇ ನಿಮಿಷ. ಅವನನ್ನು ಇಲ್ಲೇ ಕಟ್ಟಿಹಾಕಬೇಕು.

"ಕೀಲಿ ನನ್ ಹತ್ರ ಇದೆ ಭಾವ, ಕೊಡಲ್ಲ. ಈ ಬೀಗ ನಿಮ್ ಕೈಲೂ ಆಗಲ್ಲ ಅಂತಾಳೆ ಅಕ್ಕ."

ಆಚೆಯಿಂದ ತಂತಿ ಬೀಗದೊಳಗೆ ಸರಿದ ಸದ್ದು. ಅವಳು ನುಡಿಸುತ್ತಲೇ ಇದ್ದಳು. ಟಿಕ್. ಬೆರಳುಗಳು ಬೆವರಿ ಜಾರುತ್ತಿದ್ದವು. ಟಿಕ್. ಅವನಿಗೆ ಅವಸರವೇ ಇರಲಿಲ್ಲ. ನಾಲ್ಕನೆಯ ಟಿಕ್ ಆದಮೇಲೆ ಕಿಟಕಿಯ ಕೆಳಗೆ ಬಸ್ಸು ಹಾದುಹೋಯಿತು. ಕೊನೆಯ ಸೀಟಿನಲ್ಲಿ ಅಕ್ಕನ ಹಳದಿ ಶಾಲು ಕಂಡಿತು. ತಂಗಿಗೆ ಅಳು ಬಂತು, ಸಂತೋಷವೂ ಆಯಿತು.

ಐದನೆಯ ಟಿಕ್‌ಗೆ ಬಾಗಿಲು ತೆರೆಯಿತು. ಭಾವ ಕೋಣೆಯನ್ನೆಲ್ಲ ಒಮ್ಮೆ ನೋಡಿದ, ಆಮೇಲೆ ಅವಳ ಕೈಗಳನ್ನು.

"ನಿಲ್ಲಿಸ್ಲಾ ಭಾವ?"

"ಯಾಕೆ? ಚೆನ್ನಾಗಿದೆ. ಮದುವೆಯಾದ ಹೊಸದ್ರಲ್ಲಿ ಅವಳೂ ಹಿಂಗೇ ನುಡಿಸ್ತಿದ್ಲು, ಒಂದೂ ತಪ್ಪಿಲ್ದೆ."

ಹೇಳುತ್ತ ಅವನು ಬಾಗಿಲಿನ ಅಂಚು ಹಿಡಿದುಕೊಂಡು, ಇನ್ನೊಂದು ಕೈಯನ್ನು ಅವಳತ್ತ ಚಾಚಿದ.